ಅಣ್ಣನ ಕಂಟ್ರೋಲರ್

ಅಣ್ಣ ತೀರಿಕೊಂಡ ವರ್ಷವೇ ಅವನ ಗೇಮ್ ಪೆಟ್ಟಿಗೆಯೂ ಕೆಟ್ಟಿತು. ಅದನ್ನು ಆಡಿಸುವ ಕಂಟ್ರೋಲರನ್ನು ಎಸೆಯಲು ಮನಸ್ಸಾಗದೆ ನನ್ನ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೆ. ನಂಬುವವರು ನಂಬಲಿ. ಮೊನ್ನೆ ಮಟಮಟ ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಕಾರ್ ರೇಸ್ ಆಡುತ್ತಿದ್ದಾಗ ಅದು ಕೈಯಲ್ಲಿ ಗುರ್ರೆಂದು ನಡುಗಿತು. ಎರಡು ಸಲ, ತಡೆದು ಮತ್ತೊಂದು ಸಲ. ಅಣ್ಣ ನನ್ನ ಬಾಗಿಲು ಬಡಿಯುತ್ತಿದ್ದ ಹಾಗೆ. ಆಟ ನಿಲ್ಲಿಸಿದರೂ ಬಿಡಲಿಲ್ಲ. ಹೆಡ್‌ಫೋನ್ ಕಿತ್ತೆ. ಬಚ್ಚಲಲ್ಲಿ ಬಿದ್ದಿದ್ದ ಅಮ್ಮ ನರಳುವುದು ಕೇಳಿಸಿತು.

"ಹತ್ತು ನಿಮಿಷ ತಡ ಆಗಿದ್ರೆ ಕೈ ಮೀರ್ತಿತ್ತು," ಎಂದರು ಡಾಕ್ಟರು.

ಮನೆಗೆ ಬಂದು ಕಂಟ್ರೋಲರ್ ಬಿಚ್ಚಿದೆ. ನಡುಗಿಸುವ ಮೋಟಾರುಗಳ ಜಾಗ ಎರಡೂ ಖಾಲಿ. ಆಗ ನೆನಪಾಯಿತು: "ರಾತ್ರಿ ಆಡುವಾಗ ಗುರ್ ಅಂದ್ರೆ ಅಮ್ಮ ಎದ್ಬಿಡ್ತಾಳೆ ಕಣೋ" ಎಂದು ಅಣ್ಣನೇ ಅವನ್ನು ಕಿತ್ತು ಬೆಂಕಿಪೊಟ್ಟಣದಲ್ಲಿಟ್ಟಿದ್ದ. ಪೊಟ್ಟಣ ಡ್ರಾಯರಿನ ಮೂಲೆಯಲ್ಲೇ ಇತ್ತು.

"ಥ್ಯಾಂಕ್ಸ್ ಕಣೋ ಅಣ್ಣ" ಎನ್ನುತ್ತ ಎತ್ತಿಕೊಂಡೆ.

ಇನ್ನೂ ಬೆಚ್ಚಗಿತ್ತು.