ದಬ್ಬಿದವರು ಯಾರು

"ಆ ಕೆಂಪು ಜರ್ಸಿ ಹೊರಗ ಬಿಚ್ಚಿಟ್ಟು ಬರ್ರಿ."

ಮಾಲಾ ತಲೆ ಎತ್ತದೆಯೇ ಹೇಳಿದಳು. ಹಗರಿಬೊಮ್ಮನಹಳ್ಳಿಯ ಆ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ಕಿನ ಬಾಗಿಲಲ್ಲಿ ಕ್ರಾಂತಿಕುಮಾರ್ ತಬ್ಬಿಬ್ಬಾಗಿ ನಿಂತ. ಅವನ ಹೆಗಲಿಗೆ ಆತುಕೊಂಡು, ಕಾಲು ಮುರಿದ ಗೆಳೆಯ ಪಾಲಾಕ್ಷ.

"ಒಳಗ ಬರೇ ಬನಿಯನ್ ಐತ್ರಿ ಮೇಡಂ."

"ಬನಿಯನ್ನಿಂದ ಯಾರೂ ಸತ್ತಿಲ್ಲ."

ತಿಂಗಳ ಹಿಂದೆ ಊರಾಚೆಯ ಕ್ರೀಡಾಂಗಣದಲ್ಲಿ ಕೊಟ್ಟೂರು, ಹರಪನಹಳ್ಳಿ ತಂಡಗಳ ಫುಟ್‌ಬಾಲ್ ಫೈನಲ್ ಇತ್ತು. ಗೇಟಿನಲ್ಲಿ ನೂಕುನುಗ್ಗಲಾಗಿ ಮೂವರು ಸತ್ತರು; ಪಾಲಾಕ್ಷನೂ ಸೇರಿ ಹಲವರ ಕೈಕಾಲು ಮುರಿದವು. ಕೆಂಪು ಜರ್ಸಿಯ ಕೊಟ್ಟೂರು ತಂಡದ ಅಭಿಮಾನಿ ಬಳಗಕ್ಕೆ ಕ್ರಾಂತಿಕುಮಾರನೇ ಅಧ್ಯಕ್ಷ.

ಅವನು ನಿಜವಾಗಿಯೂ ಬನಿಯನ್ನಿನಲ್ಲೇ ಒಳಗೆ ಬಂದಾಗ ಅವಳಿಗೆ ನಗು ಬಂತು. ನಗಬಾರದೆಂದು ಪಾಲಾಕ್ಷನ ಮೊಣಕಾಲನ್ನು ಸ್ವಲ್ಪ ಜೋರಾಗಿಯೇ ಮಡಚಿದಳು. "ಯವ್ವಾ!" ಎಂದು ಪಾಲಾಕ್ಷ ಕಿರುಚಿದ.

ಆಮೇಲೆ ವಾರಕ್ಕೆರಡು ಸಲ ಕ್ರಾಂತಿ ಗೆಳೆಯನನ್ನು ಆಟೋದಲ್ಲಿ ಕರೆತರುತ್ತಿದ್ದ. ಅವನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ವ್ಯಾಯಾಮದ ಲೆಕ್ಕ ಹೇಳುವ ಕೆಲಸ ತಾನೇ ವಹಿಸಿಕೊಂಡಿದ್ದ. ಹತ್ತು, ಹನ್ನೊಂದು ಎನ್ನುತ್ತಲೇ ಕಣ್ಣು ಅವಳ ಜಡೆಯ ಕಡೆ ಜಾರುತ್ತಿತ್ತು.

"ಹದಿಮೂರಾದ ಮ್ಯಾಲ ಎಂಟು ಬರ್ತೈತೇನ್ರಿ?" ಎಂದು ಅವಳು ಕೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಆ ಕಿವಿಗಳನ್ನು ನೋಡಲೆಂದೇ ಅವಳು ಕೇಳುತ್ತಿದ್ದಳು.

ಆದರೆ ಪ್ರತಿ ಸಲವೂ ಕೊನೆಗೆ ಜಗಳವೇ.

"ಟೂರ್ನಮೆಂಟ್ ಸಮಿತಿಯವ್ರು ಒಂದ ಗೇಟ್ ತೆಗದು ಇನ್ನೊಂದಕ್ಕ ಬೀಗ ಹಾಕಿದ್ರು. ನಾವೇನ್ ಮಾಡಬೇಕಿತ್ತು?"

"ನಿಂದರಬೇಕಿತ್ತು."

"ಫ್ಯಾನ್ಸ್ ಅಂದ್ರ ಹಂಗ ರೀ. ರಕ್ತ ಕುದಿತೈತಿ."

"ಹಾಲೂ ಕುದಿತೈತಿ. ಅದಕ್ಕ ಒಲಿ ಹತ್ರ ಒಬ್ರು ನಿಂತಿರ್ತಾರ."

ಅವನು ಮುಖ ತಿರುಗಿಸುತ್ತಿದ್ದ. ಇಷ್ಟು ಮೆದು ಮನಸ್ಸಿನವನು ಈ ಒಂದು ಮಾತಿಗೆ ಮಾತ್ರ ಯಾಕೆ ಹೀಗೆ ಕಲ್ಲಾಗುತ್ತಾನೆ? ಅವನು ಹೋದ ಮೇಲೂ ಅವಳಿಗೆ ಸಿಟ್ಟು ಇಳಿಯುತ್ತಿರಲಿಲ್ಲ. ಮುಂದಿನ ಸರದಿಗೆ ಇನ್ನೆಷ್ಟು ದಿನವೆಂದು ಎಣಿಸುವುದೂ ತಪ್ಪುತ್ತಿರಲಿಲ್ಲ.

ಸರ್ಕಾರಿ ಅಧಿಕಾರಿಯೊಬ್ಬರ ಮುಂದೆ ದುರಂತದ ತನಿಖೆಯ ಬಹಿರಂಗ ಸಭೆ ಕಲ್ಯಾಣ ಮಂಟಪದಲ್ಲಿ ನಡೆಯಿತು. ಟೂರ್ನಮೆಂಟ್ ಸಮಿತಿಯ ಕಾರ್ಯದರ್ಶಿ ಉಜ್ಜಿನಪ್ಪ ಎದ್ದು, "ಈ ಹುಚ್ಚರಿಗೆ ಯಾವ ಗೇಟ್ ಇಟ್ರೂ ಮುರಿತಾರ" ಎಂದ. ಕ್ರಾಂತಿ ಎದ್ದು ಬೀಗದ ವಿಷಯ ಎತ್ತಿದ. ಚೆನ್ನಾಗಿಯೇ ಮಾತಾಡಿದ. ಕೆಂಪು ಅಂಗಿಗಳು ಸಿಳ್ಳೆ ಹೊಡೆದವು, ಮೈದಾನದ ಅದೇ ಘೋಷಣೆ ಕೂಗಿದವು.

ಹಿಂದಿನ ಸಾಲಿನಲ್ಲಿದ್ದ ಮಾಲಾಗೆ ಆ ಘೋಷಣೆ ಕೇಳಲಾಗಲಿಲ್ಲ. ಎದ್ದು ಹೊರಗೆ ಬಂದಳು. ಅವನು ಹಿಂದೆಯೇ ಓಡಿಬಂದ.

"ಯಾಕ ಎದ್ದು ಬಂದ್ರಿ? ನಾ ಹೇಳಿದ್ರಾಗ ಸುಳ್ಳೇನೈತಿ?"

"ಸುಳ್ಳೇನಿಲ್ಲ. ಆದ್ರ ಅದರಾಗ ನೀವ ಇಲ್ಲ."

ಅವನು ಮಂಟಪದ ಬಾಗಿಲನ್ನು ಮುಂದಕ್ಕೆಳೆದ.

"ದಬ್ಬ್ರಲೇ ಅಂದವ ನಾನ," ಎಂದ. "ಪಾಲಾಕ್ಷನ ಹೆಗಲ ಮ್ಯಾಲ ಕುಂತಿದ್ದೆ. ಒಳಗ ಮ್ಯಾಚ್ ಶುರು ಆತು ಅಂತ ಕೂಗಿದೆ. ಕೆಳಗ ಗವಿಸಿದ್ದೇಶ ನಿಲ್ರಲೇ, ನಿಲ್ರಲೇ ಅಂತಿದ್ದ. ಅಂವ ಹಾಡಾಕತ್ಯಾನ ಅಂತ ನಾ ಅನ್ಕೊಂಡೆ."

ಗವಿಸಿದ್ದೇಶ ಸತ್ತ ಮೂವರಲ್ಲಿ ಒಬ್ಬ.

"ಒಳಗ ಹೋಗಿ ಹೇಳ್ರಿ."

"ಹೇಳಿದ್ರ ಸಮಿತಿಯವ್ರು ಕೈ ತೊಳ್ಕೊಂತಾರ. ನನ್ನ ನೌಕರಿನೂ ಹೋಗ್ತೈತಿ."

"ಬೀಗ ಹಾಕಿದ್ದೂ ಖರೆ, ದಬ್ಬಿದ್ದೂ ಖರೆ. ಎರಡೂ ಹೇಳ್ರಿ."

"ಹೇಳಿದ್ರ... ನೀವು?"

"ಅದಕ್ಕ ನನ್ನ ನಡುವ ತರಬ್ಯಾಡ್ರಿ."

ಅವನು ಒಳಗೆ ಹೋದ; ಅವಳೂ ಹಿಂದೆಯೇ ಬಂದಳು. ಮೈಕ್ ಹಿಡಿದು ಎಲ್ಲವನ್ನೂ ಹೇಳಿದ. ಈಗ ಸಿಳ್ಳೆಗಳಿಲ್ಲ. "ಮನಿಮುರುಕ!" ಎಂದು ಅವನದೇ ಬಳಗದವರು ಕೂಗಿದರು. ಉಜ್ಜಿನಪ್ಪನ ಮುಖ ಅರಳಿತು. "ಬರಕೊಳ್ರಿ ಸಾಹೇಬ್ರ, ತಪ್ಪು ಒಪ್ಕೊಂಡಾನ." ಅಧಿಕಾರಿಯ ಗುಮಾಸ್ತ ಬರೆದುಕೊಂಡು ಪೆನ್ನು ಮುಚ್ಚಿದ.

ಮಾಲಾ ನೇರ ಗುಮಾಸ್ತನ ಮೇಜಿನ ಬಳಿ ಹೋದಳು.

"ಬೀಗದ ಮಾತು ಎಲ್ಲಿ ಬರದೀರಿ? ಓದ್ರಿ, ಕೇಳ್ತೀನಿ."

"ನೀವ್ಯಾರಮ್ಮ?"

"ಹನ್ನೊಂದು ಜನಕ್ಕ ಮತ್ತ ನಡಿಯೋದು ಕಲಸಾಕತ್ತೀನಿ. ಬರೀರಿ."

ಗುಮಾಸ್ತ ಗೊಣಗುತ್ತ ಬರೆದ. ಬರೆದದ್ದರಿಂದ ಏನಾದರೂ ಆದೀತೆಂದು ಅವಳಿಗೆ ನಂಬಿಕೆ ಇರಲಿಲ್ಲ. ಸಮಿತಿಯವರು ಆಗಲೇ ಹೊರಗೆ ಚಹಾ ಹಿಡಿದು ನಗುತ್ತಿದ್ದರು.

ಅವಳು ಬಸ್‌ಸ್ಟ್ಯಾಂಡಿಗೆ ಬಂದಾಗ ಕ್ರಾಂತಿ ಅಲ್ಲಿ ಒಬ್ಬನೇ ನಿಂತಿದ್ದ.

"ಎಲ್ಲಿಗೆ?"

"ಹಿರೇಹಡಗಲಿಗೆ. ಗವಿಸಿದ್ದೇಶನ ಹೆಂಡ್ತಿ ಗೀತಮ್ಮ ಅಲ್ಲಿ ತವರಿನ್ಯಾಗ ಅದಾಳ. ಆಕಿ ಇದನ್ನ ಪೇಪರಿನ್ಯಾಗ ಓದಬಾರದು." ಟಿಕೆಟ್ಟಿನ ಚಿಲ್ಲರೆ ಎಣಿಸುತ್ತ ಸೇರಿಸಿದ: "ಮೂರು ಸಲ ಹೋಗೀನಿ. ಬಾಗಲ ತನಕ ಹೋಗಿ ವಾಪಸ್ ಬಂದೀನಿ."

ಬಸ್ಸು ಬಂತು. ಮಾಲಾ ಮೊದಲು ಹತ್ತಿ ಕಿಟಕಿಯ ಬಳಿ ಕೂತು, ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಅವನು ಮೆಟ್ಟಿಲಲ್ಲೇ ನಿಂತು ಅವಳನ್ನೂ, ಪಕ್ಕದ ಖಾಲಿ ಜಾಗವನ್ನೂ ನೋಡಿದ. ಬಂದು ಕೂತ.

"ಮಾಲಾ," ಎಂದ. ಮೇಡಂ ಎನ್ನದೆ ಕರೆದದ್ದು ಅದೇ ಮೊದಲು. "ನಿಮಗೊಂದು ಮಾತು..."

"ಗೊತ್ತೈತಿ," ಎಂದಳು. "ಬರೋವಾಗ ಹೇಳ್ರಿ."

ಬಸ್ಸು ಹೊರಟಿತು. ಮಾಲಾ ಅವನ ಕೈ ಹಿಡಿದುಕೊಂಡಳು. ಹಿರೇಹಡಗಲಿ ಬರುವವರೆಗೂ ಅವಳು ಅದನ್ನು ಬಿಡಲಿಲ್ಲ.