ಒಂಬತ್ತನೇ ಮನೆಯ ಗೋಡೆಗಳು

"ಒಂದು ನಿಮಿಷ! ಆ ಬಣ್ಣದ ಡಬ್ಬ ಕೆಳಗಿಡಿ ಮೇಡಂ!"

ಅವಳು ಬೆಚ್ಚಿ ತಿರುಗಿದಳು. ಲಾರಿಯ ಮೇಲಿಂದ ಧುಮುಕಿ ಒಬ್ಬ ನೇರವಾಗಿ ಅವಳತ್ತಲೇ ಬರುತ್ತಿದ್ದ. ಮಳೆಗೆ ತೊಯ್ದ ಅಂಗಿ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್, ಕಣ್ಣ ತುಂಬ ಸಿಟ್ಟು. ಆ ಸಿಟ್ಟಿನಲ್ಲೂ ಕಣ್ಣುಗಳು ಎಷ್ಟು ಚೆನ್ನಾಗಿವೆ ಎಂದು ಅನ್ನಿಸಿಬಿಟ್ಟಿತಲ್ಲ, ಅವಳಿಗೆ ತನ್ನ ಮೇಲೇ ಕೋಪ ಬಂತು.

"ನನ್ನ ಕೆಲಸಕ್ಕೆ ಅಡ್ಡ ಬರೋಕೆ ನೀವ್ಯಾರು?"

"ಈ ಗೋಡೆಗಳನ್ನ ಬಿಚ್ಚಿ ತಂದೋನು. ಮೂರು ದಿನ ಆಯ್ತು ಬಿಚ್ಚೋಕೆ. ಒಂದು ಮೂಲೇನಾದ್ರೂ ಮುರಿದಿದೆಯಾ ನೋಡಿ!"

ಓಹೋ... ಎಲ್ಲರೂ ನಿಧಾನಪ್ಪ ಅಂತ ಆಡಿಕೊಳ್ಳೋದು ಇವನನ್ನೇನಾ!

ಅದು ಮನೆ ತಯಾರಿಸುವ ಕಾರ್ಖಾನೆ. ಗೋಡೆ, ಸೂರು, ಕಿಟಕಿ ಎಲ್ಲವೂ ಅಲ್ಲೇ ಸಿದ್ಧವಾಗಿ ಲಾರಿಯೇರುತ್ತವೆ. ಜಾಗದಲ್ಲಿ ನಿಲ್ಲಿಸಿ ಬೋಲ್ಟು ಬಿಗಿದರೆ ಮುಗಿಯಿತು, ಕಡಿಮೆ ಸಂಬಳದವರಿಗೂ ಕೈಗೆಟುಕುವ ಮನೆ. ಆ ಜಾಗ ಬೇರೆ ಕೆಲಸಕ್ಕೆ ಬೇಕಾದಾಗ ಒಡೆಯುವುದಿಲ್ಲ. ಬೋಲ್ಟು ಬಿಚ್ಚಿ ಗೋಡೆಗಳನ್ನು ವಾಪಸ್ ತರುತ್ತಾರೆ. ಗಟ್ಟಿಯಾಗಿದ್ದರೆ ಇನ್ನೊಬ್ಬರ ಮನೆಗೆ, ಸೋತಿದ್ದರೆ ಪುಡಿ ಮಾಡುವ ಯಂತ್ರಕ್ಕೆ.

ಅದನ್ನು ತೀರ್ಮಾನಿಸುವವಳು ನಮ್ಮ ನಾಯಕಿ. ಸಣ್ಣ ಸುತ್ತಿಗೆಯಿಂದ ಗೋಡೆಗೆ ಬಡಿದು ಕಿವಿಗೊಡುತ್ತಾಳೆ. 'ಠಣ್' ಎಂದರೆ ಪಾಸು. 'ದಬ್' ಎಂದರೆ ಎರಡು ಹಲಗೆಗಳ ನಡುವೆ ತುಂಬಿದ ಪದರ ಬಿಟ್ಟುಕೊಂಡಿದೆ ಎಂದರ್ಥ, ಕೆಂಪು ಗೆರೆ ಎಳೆದು ಪುಡಿಗೆ! ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಕೆಂಪಕ್ಕ' ಎನ್ನುತ್ತಾರೆ. ಅವಳಿಗೂ ಗೊತ್ತು.

"ಹದಿನಾಲ್ಕು ಗೋಡೇನೂ ದಬ್ ಅಂತಿವೆ. ಎಲ್ಲಾ ಪುಡಿಗೆ," ಎಂದಳು.

"ದಾರೀಲಿ ಮಳೆ ಬಂತು ಮೇಡಂ. ತಾಡಪಾಲು ಸಾಲಲಿಲ್ಲ. ನೆಂದ ಗೋಡೆ ಠಣ್ ಅನ್ನತ್ತಾ? ನಾಲ್ಕು ದಿನ ಒಣಗಲಿ ಬಿಡಿ, ಆಮೇಲೆ ಬಡೀರಿ."

"ಹೀಗೆ ಕಥೆ ಹೇಳೋರನ್ನ ತುಂಬಾ ಜನ ನೋಡಿದೀನಿ ರೀ."

ಕಥೆಯೇ ಅವಳನ್ನು ಕಾಡುತ್ತಿದ್ದುದು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಹೀಗೇ ಯಾರದೋ ಮಾತಿಗೆ ಮರುಳಾಗಿ ಒಂದು ಗೋಡೆ ಪಾಸು ಮಾಡಿದ್ದಳು. ಅದು ಉಬ್ಬಿ ಬಿರಿದು, ಹತ್ತಿರ ಕೂತಿದ್ದ ಮುದುಕರೊಬ್ಬರ ಕೈ ಮುರಿದಿತ್ತು. ಅಂದಿನಿಂದ ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಹದಿನಾಲ್ಕಕ್ಕೂ ಗೆರೆ ಎಳೆದಳು. ಅವನು ನೋಡುತ್ತಲೇ ನಿಂತಿದ್ದ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಬೈಯಲಿಲ್ಲ.

ಮಾರನೆಯ ದಿನ ಅವನು ತಂದ ಸಾಮಾನಿನ ಮೇಲೆ ಕಣ್ಣಾಡಿಸಿದಳು. ಒಂದೊಂದು ಗೋಡೆಯ ಬೋಲ್ಟುಗಳೂ ಒಂದೊಂದು ಬಟ್ಟೆ ಚೀಲದಲ್ಲಿ! ತೊಳೆದು, ಎಣ್ಣೆ ಸವರಿ, ಯಾವ ಮೂಲೆಯದು ಎಂದು ಪೆನ್ಸಿಲ್‌ನಲ್ಲಿ ಬರೆದು ಕಟ್ಟಿದ್ದ. ಬೇರೆಯವರು ಒಂದೇ ದಿನದಲ್ಲಿ ಬಿಚ್ಚುವ ಮನೆಗೆ ಇವನಿಗೆ ಮೂರು ದಿನ ಏಕೆ ಬೇಕೆಂದು ಅವಳಿಗೆ ಆಗ ಗೊತ್ತಾಯಿತು.

'ಇಷ್ಟು ಅಚ್ಚುಕಟ್ಟಿನ ಮನುಷ್ಯ...' ಎಂದುಕೊಂಡಳು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಎದುರಿಗೆ ಬಂದಾಗ ಚಹಾದ ಲೋಟದತ್ತ ಮುಖ ಗಂಟಿಕ್ಕಿ ನೋಡತೊಡಗಿದಳು. "ಸಕ್ಕರೆ ಕಮ್ಮಿ ಇದೆಯಾ ಮೇಡಂ? ಮುಖ ಹಾಗಿದೆ!" ಎಂದು ನಕ್ಕು ಹೋದ. ಅವನು ಹೋದ ಮೇಲೆ ಅವಳೂ ನಕ್ಕಳು.

ಆ ನಗು ಎರಡು ದಿನವೂ ಬಾಳಲಿಲ್ಲ.

ಗುರುವಾರ ಬೆಳಿಗ್ಗೆ ಪುಡಿ ಯಂತ್ರದ ಮುಂದಿನ ಸಾಲಿನಲ್ಲಿ ಆ ಹದಿನಾಲ್ಕು ಗೋಡೆಗಳಿರಲಿಲ್ಲ. ಹುಡುಕಿದಾಗ ಶೆಡ್ಡಿನ ಹಿಂದೆ ಸಿಕ್ಕವು. ಮಧ್ಯೆ ಮಧ್ಯೆ ಮರದ ತುಂಡು ಕೊಟ್ಟು ಬಿಸಿಲಿಗೆ ನಿಲ್ಲಿಸಲಾಗಿತ್ತು.

ಬಚ್ಚಿಟ್ಟಿದ್ದಾನೆ! ನಾನು ಬೇಡ ಅಂದ ಗೋಡೆಗಳನ್ನ ಕದ್ದು ಯಾರದೋ ಮನೆಗೆ ಸೇರಿಸೋಕೆ ನೋಡ್ತಿದ್ದಾನೆ! ನಾನೋ... ಅವನ ನಗು ನೆನೆಸಿಕೊಂಡು ಕೂತಿದ್ದೆ...

ಅಳು ಬಂತು. ಅಳುವ ಬದಲು ದೂರು ಬರೆದಳು. ಸಂಜೆಯೊಳಗೆ ಮ್ಯಾನೇಜರು ಅವನನ್ನು ಮನೆ ಬಿಚ್ಚುವ ತಂಡದಿಂದ ತೆಗೆದು ಬೋಲ್ಟು ಆರಿಸುವ ಕೋಣೆಗೆ ಹಾಕಿದರು. ಗೋಡೆಗಳು ಶನಿವಾರ ಹನ್ನೊಂದಕ್ಕೆ ಪುಡಿಯಾಗಬೇಕೆಂದು ಆಜ್ಞೆಯಾಯಿತು.

ಶನಿವಾರ ಹತ್ತು ಗಂಟೆ. ಶೆಡ್ಡಿನ ಹಿಂದೆ ಗಿಡ್ಡನೆಯ ಹೆಂಗಸೊಬ್ಬರು ಊಟದ ಡಬ್ಬಿ ಹಿಡಿದು ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದರು.

"ಯಾರಮ್ಮ ನೀವು? ಇಲ್ಲಿಗೆಲ್ಲ ಬರಬಾರದು."

"ಬೋಲ್ಟು ಕೋಣೇಲಿ ನನ್ನ ಮಗ ಇದಾನಲ್ಲ, ಅವನ ತಾಯಿ ಕಣಮ್ಮ. ಊಟ ಕೊಡೋಕೆ ಬಂದೆ. ಹಾಗೇ ನಮ್ಮ ಗೋಡೆ ನೋಡ್ಕೊಂಡು ಹೋಗೋಣ ಅಂತ." ಹೆಂಗಸು ಒಂದು ಗೋಡೆಯನ್ನು ಮೆಲ್ಲಗೆ ಸವರಿದರು. "ಇದು ಅಡುಗೆಮನೇದಂತೆ. ಅದೋ, ಕಿಟಕಿ ಇರೋದು ನನ್ನ ಕೋಣೇದು. ಹೊಸ ಸಾಲಲ್ಲಿ ಒಂಬತ್ತನೇ ಮನೆ ನಮ್ಮದೇ. ಎಂಟು ವರ್ಷದಿಂದ ನಮ್ಮ ಇಸ್ತ್ರಿ ಅಂಗಡಿ ಹಿಂದೇನೇ ಮಲಗ್ತಿದೀವಿ."

ಅವಳು ಗೋಡೆಯ ಮೇಲಿನ ಕೆಂಪು ಗೆರೆಯತ್ತ ತಿರುಗಿದಳು.

"ಈ ಗೋಡೆಗಳು... ನಿಮ್ಮ ಮನೆಗಾ?"

"ಇವು ಹೋದ್ರೆ ಮನೆ ಸಿಗೋದು ಮುಂದಿನ ವರ್ಷವೇ ಅಂತೆ. ಈ ಕೆಂಪು ಗೆರೆ ಯಾಕೆ ಅಂದ್ರೆ ಮಗ ಏನೂ ಹೇಳಲ್ಲ. ಒಣಗಲಿ ಅಮ್ಮ, ಅಂತಾನೆ ಅಷ್ಟೇ."

ಕೆಟ್ಟ ಗೋಡೆ ಎಂದು ತಿಳಿದೂ ಹೆತ್ತ ತಾಯಿಯನ್ನು ಅದರೊಳಗೆ ಮಲಗಿಸುವ ಮಗ ಎಲ್ಲಾದರೂ ಇರುತ್ತಾನಾ?

ಅವಳು ಸುತ್ತಿಗೆ ತೆಗೆದಳು. ಅಡುಗೆಮನೆಯ ಗೋಡೆಗೆ ಬಡಿದಳು.

ಠಣ್!

ಪಕ್ಕದ್ದಕ್ಕೆ. ಠಣ್! ಅದರಾಚೆಯದಕ್ಕೆ. ಠಣ್! ಹದಿನಾಲ್ಕರಲ್ಲಿ ಹದಿಮೂರು ಗೋಡೆಗಳು ಗಂಟೆಯ ಹಾಗೆ ನುಡಿದವು. ಒಂದು ಮಾತ್ರ ನಿಜಕ್ಕೂ ಸೋತಿತ್ತು.

ಅವಳು ಮ್ಯಾನೇಜರ ಕೋಣೆಗೆ ಓಡಿದಳು. "ಸರ್, ಯಂತ್ರ ನಿಲ್ಲಿಸಿ! ತಪ್ಪು ನಂದು. ನೆಂದ ಗೋಡೆ ಬಡಿದು ಹೇಳಿಬಿಟ್ಟೆ. ಬರೆದು ಕೊಡ್ತೀನಿ. ಅವರ ಮೇಲಿನ ದೂರೂ ವಾಪಸ್ ತಗೋತೀನಿ."

ಮ್ಯಾನೇಜರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಕೆಂಪಕ್ಕ ತಪ್ಪು ಒಪ್ಕೊಂಡ್ಲು ಅಂದ್ರೆ ಯಾರೂ ನಂಬಲ್ಲಮ್ಮ. ಬೇಗ ಬರಿ!"

ಬೋಲ್ಟು ಕೋಣೆಯಲ್ಲಿ ಅವನು ತುಕ್ಕು ಉಜ್ಜುತ್ತ ಕೂತಿದ್ದ. ಅವಳು ಬಾಗಿಲಲ್ಲೇ ನಿಂತಳು.

"ಹದಿಮೂರು ಗಟ್ಟಿ ಇವೆ," ಎಂದಳು.

"ನಾನೂ ಹದಿಮೂರೇ ಎಣಿಸಿದ್ದು. ಆ ಒಂದನ್ನ ಪುಡಿಗೆ ಹಾಕಿ, ಬದಲಿ ಹುಡುಕೋಣ."

"ನಿಮ್ಮ ಮನೇದು ಅಂತ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಸ್ವಂತಕ್ಕೋಸ್ಕರ ವಾದ ಮಾಡ್ತಾನೆ ಅಂತಿದ್ರಿ. ಆದ್ರೆ ನಿಮಗೆ ಹೇಳದೆ ಗೋಡೆ ಜರುಗಿಸಿದ್ದು ನನ್ನ ತಪ್ಪೇ. ನೀವು ದೂರು ಕೊಟ್ಟಿದ್ದೂ ಸರಿಯೇ."

ಅಷ್ಟು ಹೊತ್ತು ತಡೆದಿದ್ದ ಅಳು ಈಗ ನಿಲ್ಲಲಿಲ್ಲ. ಅವನು ಗಾಬರಿಯಾಗಿ ಎದ್ದು ಒರೆಸಿಕೊಳ್ಳಲು ಕೈಗೆ ಸಿಕ್ಕ ಬಟ್ಟೆ ಕೊಟ್ಟ. ಅದು ಎಣ್ಣೆ ಬಟ್ಟೆ! ಕೆನ್ನೆಯೆಲ್ಲ ಕಪ್ಪಾಗಿ, ಅಳುತ್ತಲೇ ನಕ್ಕುಬಿಟ್ಟಳು.

ಎರಡು ವಾರದ ಮೇಲೆ ಒಂಬತ್ತನೇ ಮನೆ ಎದ್ದು ನಿಂತಿತು. ಅಷ್ಟರಲ್ಲಿ ಅವಳು ಇಸ್ತ್ರಿ ಅಂಗಡಿಗೆ ನಾಲ್ಕು ಸಲ ಹೋಗಿ ಬಂದಿದ್ದಳು. ಅಷ್ಟು ಸಲ ಇಸ್ತ್ರಿಗೆ ಕೊಡುವಷ್ಟು ಬಟ್ಟೆ ಅವಳಲ್ಲಿ ಎಲ್ಲಿತ್ತೋ, ದೇವರೇ ಬಲ್ಲ.

ಜೋಡಣೆ ಪರೀಕ್ಷಿಸಲು ಅವಳು ಬಂದಾಗ ಅವನು ಅಡುಗೆಮನೆಯಲ್ಲಿ ಸ್ಪ್ಯಾನರ್ ಹಿಡಿದು ಯೋಚಿಸುತ್ತ ನಿಂತಿದ್ದ.

"ಒಂದು ಸಂದೇಹ ಮೇಡಂ. ಅಡುಗೆ ಕಟ್ಟೆ ಬಿಗಿಯೋಕೆ ಗೋಡೇಲಿ ಎರಡು ಸಾಲು ತೂತಿವೆ. ಕೆಳಗಿನದಕ್ಕೆ ಬಿಗೀಲಾ, ಮೇಲಿನದಕ್ಕಾ?"

"ಅಮ್ಮ ಗಿಡ್ಡ ಇದಾರೆ, ಕೆಳಗಿನದಕ್ಕೆ. ಇದನ್ನೂ ಕೇಳ್ಬೇಕಾ?"

"ಅಮ್ಮನಿಗೆ ಅದು ಸರಿ. ಆದ್ರೆ ನಾನು ಎತ್ತರ." ಅವನು ಸ್ಪ್ಯಾನರನ್ನು ಕೈಯಲ್ಲೇ ತಿರುಗಿಸಿದ. "ನೀವೂ ಎತ್ತರ..."

ಅವಳು ಮುಖ ತಿರುಗಿಸಿದಳು. ಕಿವಿಯೆಲ್ಲ ಬಿಸಿಯಾಯಿತು.

"ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ," ಎಂದ ಅವನು. "ನೀವಂದ್ರೆ ನನಗೆ ತುಂಬಾ ಇಷ್ಟ. ಈ ಮನೆಗೆ ಬರ್ತೀರಾ? ಈಗ್ಲೇ ಹೇಳ್ಬೇಕು ಅಂತಿಲ್ಲ. ಆದ್ರೆ ಕಟ್ಟೆ ಇವತ್ತು ಬಿಗೀಬೇಕು."

ಹೊರಗೆ ತಾಯಿ ಯಾರಿಗೋ ತಮ್ಮ ಕಿಟಕಿ ತೋರಿಸಿ ಜಂಬ ಕೊಚ್ಚುತ್ತಿದ್ದರು. ಅವಳು ಆ ದನಿ ಕೇಳುತ್ತ ಗೋಡೆಯ ತೂತುಗಳನ್ನು ನೋಡಿದಳು.

"ಕೆಳಗಿನದಕ್ಕೇ ಬಿಗೀರಿ. ಅಂಗಡೀಲಿ ಆ ಎತ್ತರದ ಮೇಜಿಗೆ ಅಮ್ಮ ಇಡೀ ದಿನ ತುದಿಗಾಲಲ್ಲಿ ನಿಂತಿರ್ತಾರೆ, ನೋಡಿದೀನಿ. ಮನೇಲಾದ್ರೂ ಪಾದ ಊರಿ ನಿಲ್ಲಲಿ. ನಾವಿಬ್ರು ಬಗ್ಗಿ ಅಭ್ಯಾಸ ಮಾಡ್ಕೊಳ್ಳೋಣ."

ಸ್ಪ್ಯಾನರ್ ಅವನ ಕೈಯಿಂದ ಜಾರಿ ಬಿತ್ತು.

"ಏನಂದ್ರಿ?"

"ಕೇಳಿಸ್ಲಿಲ್ವಾ?"

"ಕೇಳಿಸ್ತು... ಇನ್ನೊಂದು ಸಲ ಕೇಳೋಣ ಅನ್ನಿಸ್ತು."

"ನಾವಿಬ್ರು," ಎಂದಳು ಅವಳು, ಬಗ್ಗಿ ಸ್ಪ್ಯಾನರ್ ಎತ್ತಿ ಅವನ ಕೈಗಿಡುತ್ತ.