ಒಂದು ಎಲೆಯ ಸಾವಿರ ಚಿತ್ರಗಳು

ಕಚೇರಿಯ ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲಿ, ಪ್ರಾಣಿ ಕಂಡ ಜಾಗ ತೋರಿಸುವ ಕೆಂಪು ಚುಕ್ಕಿಗಳೆಲ್ಲ ರಸ್ತೆಯ ಪಕ್ಕದಲ್ಲೇ ಇದ್ದವು. ಕಾಡುಪ್ರಾಣಿಗಳಿಗೆ ಡಾಂಬರಿನ ಮೇಲೆ ಅಷ್ಟೊಂದು ಪ್ರೀತಿಯೇನೂ ಇಲ್ಲ. ಜೀಪು ಹೋದಲ್ಲಿಗೆ ಸರ್ವೆ ಹೋಗಿತ್ತು, ಸರ್ವೆ ಹೋದಲ್ಲಿ ಚುಕ್ಕಿ ಬಿದ್ದಿತ್ತು, ಅಷ್ಟೇ. ರಸ್ತೆಯಿಲ್ಲದ ಉತ್ತರದ ಕಣಿವೆ ಮಾತ್ರ ಬೆಳ್ಳಗೆ ಉಳಿದಿತ್ತು.

"ಯಾವ ಕಾಡು ಮೊದಲು ಉಳಿಸಬೇಕು ಅಂತ ಈ ವಾರ ಪಟ್ಟಿ ಕಳಿಸ್ಬೇಕಮ್ಮ," ಎಂದರು ಮುಖ್ಯಸ್ಥರು. "ಏನೂ ಕಾಣಿಸದ ಜಾಗಾನ ಹೇಗೆ ಸೇರಿಸಲಿ? ಪಟ್ಟೀಲಿ ಇಲ್ದಿದ್ರೆ ಅಲ್ಲಿ ಮರ ಕಡಿಯೋಕೆ ಅನುಮತಿ ಕೊಟ್ಬಿಡ್ತಾರೆ, ಅದು ನನಗೂ ಗೊತ್ತು."

"ಕಾಣಿಸಲಿಲ್ಲ ಅನ್ನೋಕೆ ನಾವು ನೋಡಿರಬೇಕಲ್ವಾ ಸಾರ್?" ಎಂದಳು ಸಂಶೋಧಕಿ. "ಹೋದ ತಿಂಗಳವರೆಗೂ ಅಲ್ಲಿ ನಮ್ಮೋರು ಯಾರೂ ಕಾಲೇ ಇಟ್ಟಿರಲಿಲ್ಲ."

"ಹಾಗಾದ್ರೆ ಹೋದ ತಿಂಗಳು ಮರಗಳಿಗೆ ಕಟ್ಟಿ ಬಂದ ಕ್ಯಾಮೆರಾಗಳನ್ನ ಬಿಚ್ಚಿಕೊಂಡು ಬನ್ನಿ. ಒಂದು ಚಿತ್ರ ಸಾಕು. ಉಳಿದದ್ದು ನಾನು ನೋಡ್ಕೋತೀನಿ."

ಅವಳಿಗೆ ಬೇಕಾಗಿದ್ದದ್ದು ಟೇಪಿರ್ ಎಂಬ, ಎಲೆ ತಿನ್ನುವ ಅಪರೂಪದ ಪ್ರಾಣಿಯ ಚಿತ್ರ. ಎಮ್ಮೆಕರುವಿಗಿಂತ ದಪ್ಪ ಮೈ, ಮೋಟು ಸೊಂಡಿಲಿನಂತೆ ಜೋತುಬಿದ್ದ ಮೂಗು, ಮುಂದೆಲ್ಲ ಕಪ್ಪು, ಬೆನ್ನು ಸೊಂಟವೆಲ್ಲ ಬಿಳಿ. ಕ್ಯಾಮೆರಾ ಕಟ್ಟಲು ಹೋದಾಗ ಒದ್ದೆ ಮರಳಿನಲ್ಲಿ ಅದರ ಮೂರು ಬೆರಳಿನ ಹೆಜ್ಜೆ ಕಂಡಿತ್ತು. ಅಳತೆಪಟ್ಟಿ ಹೊರತೆಗೆಯುವಷ್ಟರಲ್ಲಿ ಮಳೆ ಅದನ್ನು ಅಳಿಸಿಹಾಕಿತ್ತು. ಅಂದಿನಿಂದ ಅವಳಿಗೆ ಊಟ ರುಚಿಸಿರಲಿಲ್ಲ.

ಹೊರಟವರು ಮೂವರು. ಅವಳು, ಹಗ್ಗ ಹಿಡಿದು ಬಂಡೆ ಹತ್ತುವುದನ್ನೇ ಕಸುಬು ಮಾಡಿಕೊಂಡ ಅವಳ ತಮ್ಮ, ಮತ್ತು ಜೀಪಿನ ಚಾಲಕ. ಕಾಡಿನಲ್ಲಿ ಒಮ್ಮೆಯೂ ಹಾರನ್ ಒತ್ತದ ಈ ಪುಣ್ಯಾತ್ಮನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾರನ್ ಎಂದು.

ರಸ್ತೆ ಮುಗಿದಲ್ಲಿ ಜೀಪು ಬಿಟ್ಟು, ಮೊಣಕಾಲುದ್ದದ ಹಳ್ಳ ದಾಟಿ ಕಣಿವೆಗೆ ಇಳಿದರು. ಕಣಿವೆಯೊಳಗೆ ಬೆಳಕು ಹಸಿರಾಗಿತ್ತು. ಮರಗಳ ಬೇರುಗಳು ಗೋಡೆಯಂತೆ ಎದ್ದು ನಿಂತಿದ್ದವು. ಅವುಗಳ ಸಂದಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಎತ್ತರದಲ್ಲೆಲ್ಲೋ ಮಂಗಟ್ಟೆ ಹಕ್ಕಿಗಳು ಹಾರಿದಾಗ ರೆಕ್ಕೆಯ ಸದ್ದು ಕೆಳಗಿನವರೆಗೂ ಕೇಳಿಸಿತು. ಇಷ್ಟೆಲ್ಲ ಜೀವ ತುಂಬಿದ ಜಾಗ ನಕ್ಷೆಯ ಮೇಲೆ ಖಾಲಿ ಕಾಗದ ಎಂದು ನೆನೆದು ಅವಳಿಗೆ ಸಂಕಟವಾಯಿತು.

ಮೊದಲ ಕ್ಯಾಮೆರಾ ಸಿಕ್ಕಿತು. ಒಳಗಿನ ಪುಟ್ಟ ಪರದೆಯಲ್ಲಿ ಚಿತ್ರಗಳನ್ನು ಸರಿಸಿದಳು. ಎಲೆ. ಮತ್ತೆ ಎಲೆ. ಅದೇ ಎಲೆ.

"ಏನೋ ಇದು? ಎದುರಿನ ಗಿಡ ಸವರದೇ ಕಟ್ಟಿದ್ಯಾ?"

"ಒಂದೇ ಒಂದು ಎಲೆ ಅಕ್ಕ... ಪಾಪ, ಚಿಗುರಿತ್ತು ಅಂತ ಬಿಟ್ಟೆ."

"ಗಾಳಿಗೆ ಅದು ಅಲುಗಾಡಿದಾಗಲೆಲ್ಲ ಪ್ರಾಣಿ ಬಂತು ಅಂತ ಈ ಪೆದ್ದು ಯಂತ್ರ ಚಿತ್ರ ತೆಗೆದಿದೆ. ಸಾವಿರಗಟ್ಟಲೆ! ತಗೋ, ನಿನ್ನ ಎಲೇನ ನೀನೇ ಇಟ್ಕೋ." ಮೆಮೊರಿ ಕಾರ್ಡನ್ನು ಕಿತ್ತು ಅವನ ಕೈಗೆ ತುರುಕಿದಳು. ಅವನು ಪೆಚ್ಚಾಗಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಬಿಗಿದ.

ಉಳಿದ ಕ್ಯಾಮೆರಾಗಳನ್ನು ಬಿಚ್ಚಿದರೂ ಅವುಗಳೊಳಗಿನ ಚಿತ್ರ ನೋಡಲು ಪುರುಸೊತ್ತು ಸಿಗಲಿಲ್ಲ. ಮಳೆ ಧೋ ಎಂದು ಸುರಿಯಿತು. ಬಿಚ್ಚಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಓಡಿದರು.

ಹಳ್ಳ ಈಗ ಸೊಂಟ ಮುಟ್ಟುತ್ತಿತ್ತು.

ಹಾರನ್ ಮೊದಲು ದಾಟಿ ಹಗ್ಗವನ್ನು ಮರಕ್ಕೆ ಬಿಗಿದ. "ಬೇಗ ಬನ್ನಿ! ನೀರು ಏರ್ತಾ ಇದೆ!"

ನಡುವೆ ತಮ್ಮನ ಕಾಲು ಜಾರಿತು. ಹಗ್ಗ ಕೈತಪ್ಪಿತು.

ಅವಳ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ತಲೆಯ ಮೇಲೆತ್ತಿ ಹಿಡಿದ ಚೀಲ. ಮೂರನೆಯ ಕೈ ದೇವರು ಕೊಟ್ಟಿರಲಿಲ್ಲ.

ಚೀಲ ಬಿಟ್ಟಳು. ತಮ್ಮನ ಕಾಲರ್ ಹಿಡಿದಳು.

ಹಾರನ್ ಇಬ್ಬರನ್ನೂ ಹಗ್ಗದ ಜೊತೆಗೇ ದಡಕ್ಕೆ ಎಳೆದ. ಚೀಲ ಒಂದೆರಡು ಸಲ ಮುಳುಗಿ ಎದ್ದು, ತಿರುವಿನಲ್ಲಿ ಮರೆಯಾಯಿತು.

"ಚೀಲ ಬಿಟ್ಯಲ್ಲ ಅಕ್ಕ," ಎಂದ ತಮ್ಮ ನೀರು ಕಕ್ಕುತ್ತ.

"ಬಾಯಿ ಮುಚ್ಚು. ಅಮ್ಮನಿಗೆ ಏನಂತ ಹೇಳಲಿ?" ಎಂದು ಗದರಿಸಿದವಳು ಅವನನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ಹಾರನ್ ಹಗ್ಗ ಸುತ್ತತೊಡಗಿದ.

ಕಚೇರಿಗೆ ಮರಳಿದಾಗ ಉಳಿದಿದ್ದದ್ದು ತಮ್ಮನ ಜೇಬಿನಲ್ಲಿದ್ದ ಆ ಎಲೆಯ ಕಾರ್ಡ್ ಮಾತ್ರ. ಬರಿಗೈಯಲ್ಲಿ ಬಂದೆ ಎನ್ನುವ ಮೊದಲು ಅದನ್ನಾದರೂ ಕೊನೆಯವರೆಗೆ ನೋಡಬೇಕು. ಉಳುಕಿದ ಕಾಲನ್ನು ಕುರ್ಚಿಯ ಮೇಲಿಟ್ಟು ತಮ್ಮ ಪಕ್ಕದಲ್ಲಿ ಕೂತ. ಅವಳು ಚಿತ್ರಗಳನ್ನು ಸರಿಸುತ್ತ ಹೋದಳು. ಎಲೆ ಚಿಗುರಾಗಿತ್ತು, ಅಗಲವಾಯಿತು, ಹುಳು ಹಿಡಿಯಿತು, ಮಳೆಯಲ್ಲಿ ತೊಯ್ದಿತು. ನೋಡನೋಡುತ್ತ ಅದರ ಮೇಲೆ ಒಂಥರಾ ಅಕ್ಕರೆಯೇ ಹುಟ್ಟಿತು.

ಕೈ ನಿಂತಿತು.

ಎಲೆಯ ತೊಟ್ಟಿಗೆ ಕಪ್ಪು ಮೂಗೊಂದು ಸುತ್ತಿಕೊಂಡಿತ್ತು. ಪಕ್ಕದಲ್ಲಿ ಒಂದು ಪುಟ್ಟ ಕಣ್ಣು. ಮುಂದಿನ ಚಿತ್ರದಲ್ಲಿ ಎಲೆಯೇ ಇರಲಿಲ್ಲ. ತೆರವಾದ ಜಾಗದಲ್ಲಿ, ನಿಧಾನವಾಗಿ ನಡೆದುಹೋಗುತ್ತಿದ್ದ ದೊಡ್ಡ ಬಿಳಿ ಸೊಂಟ. ಅದರ ಪಕ್ಕದಲ್ಲೇ ಇನ್ನೊಂದು ಪುಟ್ಟ ಜೀವ. ಅದಕ್ಕೆ ಮೈತುಂಬ ಪಟ್ಟೆ.

"ಮರಿ ಕಣೋ!" ಅವಳು ಪಟ್ಟೆಯ ಮೇಲೆ ಬೆರಳಿಟ್ಟಳು. "ಮರಿಗಳಿಗೇ ಹೀಗೆ ಪಟ್ಟೆ ಇರೋದು!"

ಮುಖ್ಯಸ್ಥರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದುಹೋಗಿ ತಾವೇ ನಕ್ಷೆಯ ಮೇಲೆ ಕೆಂಪು ಚುಕ್ಕಿ ಇಟ್ಟರು.

"ಸಾರ್, ಉಳಿದ ಬಿಳಿ ಜಾಗಗಳು?" ಎಂದಳು ಅವಳು. "ಅಲ್ಲೂ ನಾವಿನ್ನೂ ನೋಡಿಲ್ಲ."

ಅವರು ಮೇಜಿನಿಂದ ಹಳದಿ ಪೆನ್ನು ತೆಗೆದು ಅವಳ ಕೈಗಿಟ್ಟರು. "ನೋಡಿಲ್ಲ ಅನ್ನೋದನ್ನೂ ಗುರುತು ಹಾಕಿ. ಪಟ್ಟೀಲಿ ಹಾಗೇ ಬರೀತೀನಿ."

ಅವಳು ಬಣ್ಣ ಬಳಿಯತೊಡಗಿದಳು. ನಕ್ಷೆಯ ಮುಕ್ಕಾಲು ಪಾಲು ಹಳದಿಯಾಗುತ್ತ ಬಂತು. ಕುರ್ಚಿಯಿಂದ ತಮ್ಮ ಮೆಲ್ಲಗೆ ಕೇಳಿದ, "ಅಕ್ಕ, ಮುಂದಿನ ಸಲ ಎಲೆ ಸವರಲೋ, ಬಿಡಲೋ?"

"ಸವರು," ಎಂದಳು ಅವಳು ತಿರುಗದೆಯೇ. ಇನ್ನೊಂದಿಷ್ಟು ಹಳದಿ ಬಳಿದು ಸೇರಿಸಿದಳು, "ಸವರಿದ್ದನ್ನು ಅಲ್ಲೇ ಹಾದೀಲಿ ಇಟ್ಟು ಬಾ. ಆ ಮರಿಗೆ ಆಗುತ್ತೆ."